ಗಾಳಿಯಲ್ಲಿಟ್ಟ ಚುಕ್ಕಿ

ಅಮ್ಮ ಗಾಳಿಯಲ್ಲಿ ಚುಕ್ಕಿ ಇಡುತ್ತಿದ್ದಳು.

ಟೀಪಾಯಿಯನ್ನು ಗೋಡೆಗೆ ಸರಿಸಿ ಹಾಲ್‌ನಲ್ಲಿ ಜಾಗ ಮಾಡಿಕೊಟ್ಟಿದ್ದೆ. ತಲೆಗೆ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಹಾಕಿಕೊಂಡವರ ಸುತ್ತ ಕಂಪ್ಯೂಟರ್ ಕಟ್ಟಿದ ಲೋಕ ತೋರಿಸುವಂಥದ್ದು. ತಮ್ಮ ರಜೆಗೆ ಬಂದಾಗ ಬಿಟ್ಟುಹೋದದ್ದು. ಬಲಗೈಯಲ್ಲಿ ಅದರ ಕಂಟ್ರೋಲರ್, ಗಾಳಿಯಲ್ಲಿ ಬರೆಯಲು. ಮುಡಿದಿದ್ದ ಮಲ್ಲಿಗೆ ಪಟ್ಟಿಯ ಅಡಿ ಸಿಕ್ಕಿ ನಲುಗಬಾರದು ಅಂತ ಮೊದಲೇ ತೆಗೆದು ಕಿಟಕಿಯ ಮೇಲಿಟ್ಟಿದ್ದಳು. ಅವಳಿಗೆ ಒಳಗೆ ಕಾಣುತ್ತಿದ್ದುದು ನನ್ನ ಫೋನಿನಲ್ಲೂ ಕಾಣುತ್ತಿತ್ತು. 7 ಚುಕ್ಕಿ, 4ರವರೆಗೆ, ಸಂದು ಚುಕ್ಕಿ. ಒಟ್ಟು 37. ನಲವತ್ತು ವರ್ಷದಿಂದ ಹೊಸ್ತಿಲ ಮುಂದೆ ಇಡುತ್ತಿರುವ ಕೈ. ಎಣಿಸುವ ಗೊಡವೆಯೇ ಇಲ್ಲ. ಫೋನಿನಲ್ಲಿ ನೋಡಿದರೆ ಸಾಲು ಸಾಲಾಗಿ, ಅಳತೆ ಹಿಡಿದು ಇಟ್ಟ ಹಾಗೆ ಬಂದಿತ್ತು.

"ಅಮ್ಮ, ಹಾಗೇ ಒಂದು ನಾಲ್ಕು ಹೆಜ್ಜೆ ಎಡಕ್ಕೆ ಬಾ," ಅಂದೆ.

ಬಂದಳು. ಬಂದು ನಿಂತುಬಿಟ್ಟಳು. ಎದುರಿನಿಂದ ಸಾಲಾಗಿ ಕಂಡ ಚುಕ್ಕಿಗಳು ಪಕ್ಕದಿಂದ ನೋಡಿದರೆ ಚೆಲ್ಲಾಪಿಲ್ಲಿ. ಒಂದು ಎದೆಯ ಹತ್ತಿರ, ಇನ್ನೊಂದು ಗೇಣು ಆಚೆ, ಮತ್ತೊಂದು ಮೊಳ ದೂರ. ಕೈ ಚಾಚಿದಾಗ ಒಮ್ಮೆ ಹೆಚ್ಚು ಮುಂದೆ ಹೋಗಿದೆ, ಒಮ್ಮೆ ಕಡಿಮೆ. ನೆಲ ಇದ್ದಿದ್ದರೆ ಆ ವ್ಯತ್ಯಾಸ ಉಳಿಯುತ್ತಲೇ ಇರಲಿಲ್ಲ.

"ಇದೇನೇ ಇದು, ಚುಕ್ಕಿ ಎಲ್ಲಿ ಕೂರಬೇಕು? ಅದಕ್ಕೆ ನೆಲ ಬೇಡ್ವಾ?" ಅಂದಳು.

ನಾನು ಹದಿನೆಂಟು ವರ್ಷದಿಂದ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದೇನೆ. ವಿಆರ್ ಮತ್ತು ಕಲೆಯ ಬಗ್ಗೆ ಸಾಕಷ್ಟು ಓದಿದ್ದೇನೆ, ಒಂದಷ್ಟು ನೋಡಿದ್ದೇನೆ, ನಾನೇ ಒಂದಿಷ್ಟು ಬರೆದೂ ನೋಡಿದ್ದೇನೆ. ಅಮ್ಮನ ಈ ಪ್ರಶ್ನೆ ಅದನ್ನೆಲ್ಲ ನನ್ನ ತಲೆಯಲ್ಲಿ ಬೇರೆ ಥರ ಜೋಡಿಸಿತು. ಅದಕ್ಕೇ ಈ ಬರಹ.

ಅಮ್ಮ ಬಳಸಿದ್ದು ಓಪನ್ ಬ್ರಷ್ ಅನ್ನೋ ಪುಕ್ಕಟೆ ತಂತ್ರಾಂಶ. ಅದರ ತಾಯಿಬೇರು ಟಿಲ್ಟ್ ಬ್ರಷ್. ಪ್ಯಾಟ್ರಿಕ್ ಹ್ಯಾಕೆಟ್ ಮತ್ತು ಡ್ರೂ ಸ್ಕಿಲ್‌ಮನ್ ಅನ್ನುವ ಇಬ್ಬರು ಮಾಡಿದ್ದು. 2015ರಲ್ಲಿ ಗೂಗಲ್ ಅದನ್ನು ಕೊಂಡಿತು, 2016ರಲ್ಲಿ ಎಲ್ಲರ ಕೈಗೆ ಬಂತು. 2021ರ ಜನವರಿಯಲ್ಲಿ ಗೂಗಲ್ ಅದರ ಕೆಲಸ ನಿಲ್ಲಿಸಿತು. ಆದರೆ ಹೋಗುವಾಗ ಅದರ ಕೋಡ್ ಅನ್ನು ಯಾರು ಬೇಕಾದರೂ ಬಳಸಿಕೊಳ್ಳಲಿ ಅಂತ ಬಿಚ್ಚಿಟ್ಟುಹೋಯಿತು. ಆ ಕೋಡ್ ಎತ್ತಿಕೊಂಡು ಉತ್ಸಾಹಿಗಳು ಬೆಳೆಸಿದ್ದೇ ಓಪನ್ ಬ್ರಷ್.

ಅದರಲ್ಲಿ ಎಳೆದ ಗೆರೆ ಬಣ್ಣವಲ್ಲ. ಕೈ ಎಲ್ಲಿತ್ತು, ಯಾವ ಕಡೆ ವಾಲಿತ್ತು, ಬೆರಳು ಗುಂಡಿಯನ್ನು ಎಷ್ಟು ಒತ್ತಿತ್ತು ಅನ್ನುವುದರ ಲೆಕ್ಕ ಅದು. ಆ ಲೆಕ್ಕದ ಮೇಲೆ ಯಂತ್ರ ಒಂದು ರಿಬ್ಬನ್ ನೇಯುತ್ತದೆ. ಎದುರಿನಿಂದ ಅಗಲವಾಗಿ ಕಾಣುವ ಗೆರೆ, ಪಕ್ಕಕ್ಕೆ ಹೋಗಿ ನೋಡಿದರೆ ಕೂದಲಿನಷ್ಟು ತೆಳ್ಳಗಾಗಿ ಮಾಯವಾಗುತ್ತದೆ. ಮೊದಲ ಸಲ ಇದನ್ನು ಕಂಡಾಗ ನನಗೆ ಎದೆ ಝಲ್ಲೆಂದಿತ್ತು. ನಾನು ಬರೆದ ಮುಖದ ಹಿಂದೆ ಹೋಗಿ ನಿಂತಿದ್ದೆ. ಕಣ್ಣಿನ ಗೆರೆಗಳು ನನ್ನ ಕಡೆಯಿಂದ ನೋಡಿದಾಗ ತಿರುವುಮುರುವಾಗಿ ತೇಲುತ್ತಿದ್ದವು. ಇಷ್ಟು ವರ್ಷದಲ್ಲಿ ನನ್ನ ಯಾವ ಚಿತ್ರದ ಹಿಂದೆಯೂ ನಾನು ಹೋದದ್ದಿಲ್ಲ. ಕಾಗದದ ಹಿಂದೆ ಇನ್ನೇನಿರುತ್ತದೆ, ಮೇಜು ಅಷ್ಟೇ ಅಲ್ವಾ?

ಒಂದು ಕೊರತೆ ಮಾತ್ರ ಕೂಡಲೇ ಗೊತ್ತಾಗುತ್ತದೆ. ಕಾಗದ ತಿರುಗಿ ಒತ್ತುತ್ತದೆ. ಪೆನ್ಸಿಲ್ಲಿಗೆ ತಡೆ ಸಿಗುತ್ತದೆ, ಆ ತಡೆಯ ಮೇಲೆ ಕೈ ಊರಿ ಗೆರೆ ತಿದ್ದಿಕೊಳ್ಳುತ್ತದೆ. ಕಿರುಬೆರಳು ಹಾಳೆಯ ಮೇಲೆ ಕೂತು ಉಳಿದ ಬೆರಳುಗಳಿಗೆ ಆಸರೆ ಕೊಡುತ್ತದೆ. ಗಾಳಿಯಲ್ಲಿ ಆ ಆಸರೆ ಇಲ್ಲ. ಅರ್ಧ ಗಂಟೆ ಬರೆದರೆ ಭುಜ ನೋಯುತ್ತದೆ. ಸಣ್ಣ ಗೆರೆ ನಡುಗುತ್ತದೆ. ಉದ್ದ ಗೆರೆ ಮಾತ್ರ ಹಾಯಾಗಿ ಬರುತ್ತದೆ, ಯಾಕೆಂದರೆ ಅದು ಬೆರಳಿಂದ ಹುಟ್ಟುವುದಿಲ್ಲ, ತೋಳಿನಿಂದ, ಸೊಂಟದಿಂದ ಹುಟ್ಟುತ್ತದೆ. ಹೊಸ ಕಲಾವಿದರ ವಿಆರ್ ಚಿತ್ರಗಳಲ್ಲಿ ಅಷ್ಟೊಂದು ಸುರುಳಿ, ಅಲೆ, ಗಾಳಿಪಟದ ಬಾಲಂಗೋಚಿ ಕಾಣುವುದಕ್ಕೆ ಇದೇ ಕಾರಣ ಅಂತ ನನಗನ್ನಿಸುತ್ತದೆ. ಈ ಮೈ ಸಲೀಸಾಗಿ ಎಳೆಯುವ ಗೆರೆ ಅದು.

ಇದನ್ನೇ ಬಲವಾಗಿ ಮಾಡಿಕೊಂಡ ಒಂದು ಕೆಲಸ ಇದೆ. 'ಡಿಯರ್ ಆಂಜೆಲಿಕಾ'. 2017ರಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಬಂತು. ತೀರಿಹೋದ ನಟಿ ತಾಯಿಯನ್ನು ಮಗಳು ನೆನೆಯುವ ಕಥೆ. ವೆಸ್ಲಿ ಆಲ್ಸ್‌ಬ್ರೂಕ್ ಅನ್ನುವ ಚಿತ್ರಕಾರ್ತಿ ಅದನ್ನು ಪೂರ್ತಿ ವಿಆರ್ ಒಳಗೇ ನಿಂತು ಬರೆದರು. ಅದಕ್ಕಾಗಿಯೇ ಇನಿಗೊ ಕಿಲೆಜ್ ಅನ್ನುವ ಎಂಜಿನಿಯರ್ ಕ್ವಿಲ್ ಎಂಬ ಹೊಸ ಉಪಕರಣ ಕಟ್ಟಿಕೊಟ್ಟರು. ಆ ಕಥೆಯಲ್ಲಿ ಚಿತ್ರಗಳು ಬರೆದು ಮುಗಿಸಿ ಇಟ್ಟ ಹಾಗೆ ಕಾಣುವುದಿಲ್ಲ. ನಿಮ್ಮ ಸುತ್ತ ಗೆರೆ ಗೆರೆಯಾಗಿ, ಈಗಷ್ಟೇ ಯಾರೋ ಎಳೆಯುತ್ತಿರುವ ಹಾಗೆ ಬಿಚ್ಚಿಕೊಳ್ಳುತ್ತವೆ. ಯಂತ್ರಕ್ಕೆ ಗೆರೆಯ ಜೊತೆಗೆ ಅದನ್ನು ಎಳೆದ ಹೊತ್ತೂ ನೆನಪಿರುತ್ತದೆ, ಅದಕ್ಕೇ ಇದು ಸಾಧ್ಯ.

ಇದು ನನಗೆ ಹೊಸದು ಅನ್ನಿಸಲೇ ಇಲ್ಲ, ಹತ್ತಿರದ್ದು ಅನ್ನಿಸಿತು. ಚಿಕ್ಕವಳಿದ್ದಾಗ ಮೆಟ್ಟಿಲ ಮೇಲೆ ಕೂತು ಅಮ್ಮ ಎಳೆ ಎಳೆಯುವುದನ್ನೇ ನೋಡುತ್ತಿದ್ದೆ. ಒಂದು ಎಳೆ ಹೊರಟು, ಚುಕ್ಕಿ ಬಳಸಿ, ತನ್ನ ಬಾಲವನ್ನೇ ಬಂದು ಸೇರುವವರೆಗೆ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆ. ಮುಗಿದ ಮೇಲೆ ಎದ್ದು ಒಳಗೆ ಹೋಗುತ್ತಿದ್ದೆ.

ಕಲೆಯನ್ನು ತೋರಿಸುವ ವಿಷಯಕ್ಕೆ ಬಂದರೆ, ವಿಆರ್ ಅಂದಕೂಡಲೇ ಎಲ್ಲರೂ ಹೇಳುವುದು ಮ್ಯೂಸಿಯಂ ಸುತ್ತಾಟ. 2019ರಲ್ಲಿ ಪ್ಯಾರಿಸ್‌ನ ಲೂವ್ರ್‌ನಲ್ಲಿ ಲಿಯೊನಾರ್ಡೊ ಪ್ರದರ್ಶನದ ಜೊತೆ ಮೋನಾಲಿಸಾಳ ವಿಆರ್ ಇಟ್ಟಿದ್ದರು. ಆ ಚಿತ್ರ ಇರುವುದೇ 77 ಸೆಂಟಿಮೀಟರ್ ಎತ್ತರ, 53 ಅಗಲ. ದಪ್ಪ ಗಾಜಿನ ಹಿಂದೆ, ನೂರು ತಲೆಗಳ ಆಚೆ. ಹತ್ತಿರ ಹೋಗಲಾಗದವರಿಗೆ ಹತ್ತಿರ ಹೋಗುವ ದಾರಿ, ಸರಿ. ಆದರೆ ಅವಳನ್ನು ಎದುರಿಗೆ ಜೀವಂತ ಕೂರಿಸಿದ್ದು ನನಗೆ ಹಿಡಿಸಲಿಲ್ಲ. ಬರೆದವನು ಬೇಕಂತಲೇ ಮಸುಕಾಗಿ ಬಿಟ್ಟದ್ದನ್ನೆಲ್ಲ ಬೇರೆಯವರು ತುಂಬಿದ ಹಾಗಿತ್ತು.

ಕ್ರೆಮರ್ ಮ್ಯೂಸಿಯಂ ಬೇರೆ. ಅದು 2017ರಲ್ಲಿ ಶುರುವಾಯಿತು. ಅದಕ್ಕೆ ಕಟ್ಟಡವೇ ಇಲ್ಲ. ಕ್ರೆಮರ್ ಕುಟುಂಬದ ಸಂಗ್ರಹದ 70ಕ್ಕೂ ಹೆಚ್ಚು ಹಳೆಯ ಡಚ್ ಮತ್ತು ಫ್ಲೆಮಿಶ್ ಚಿತ್ರಗಳು, ವಿಆರ್ ಒಳಗಷ್ಟೇ ಇರುವ ಒಂದು ಮ್ಯೂಸಿಯಮ್ಮಿನಲ್ಲಿ ತೂಗುಹಾಕಿವೆ. ಒಂದೊಂದು ಚಿತ್ರಕ್ಕೂ ಎರಡೂವರೆ ಸಾವಿರದಿಂದ ಮೂರೂವರೆ ಸಾವಿರ ಫೋಟೊ ತೆಗೆದು, ಬಣ್ಣದ ಬಿರುಕು, ಕುಂಚದ ಉಬ್ಬು ಎಲ್ಲ ಬರುವ ಹಾಗೆ ಕಟ್ಟಿದ್ದಾರೆ. ನನಗೆ ತುಂಬ ಇಷ್ಟವಾದದ್ದು, ಚಿತ್ರದ ಬೆನ್ನ ಕಡೆಗೂ ಹೋಗಿ ನೋಡಬಹುದು ಅನ್ನುವುದು. ಮಾರಿದವರು, ಕೊಂಡವರು, ಸಾಗಿಸಿದವರು ಬಿಟ್ಟ ಗುರುತುಗಳು ಇರುವುದು ಬೆನ್ನಲ್ಲೇ. ಯಾವ ಗ್ಯಾಲರಿಯೂ ನನ್ನಂಥವಳಿಗೆ ಚಿತ್ರ ತಿರುಗಿಸಿ ತೋರಿಸಲ್ಲ.

ಇಷ್ಟಾದರೂ ಇವೆಲ್ಲ ಕಣ್ಣಿನ ಕೆಲಸಗಳೇ. ವಿಆರ್ ಕಲೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಕೆಲಸಗಳು ಮಾತ್ರ ಮೈಯನ್ನು ಕೇಳುತ್ತವೆ. ಉಸಿರು, ಪಾದ, ಕತ್ತು.

ಉಸಿರಿನದ್ದು ತುಂಬ ಹಳೆಯದು. 1995. ಕೆನಡಾದ ಚಾರ್ ಡೇವಿಸ್ ಅನ್ನುವವರ 'ಆಸ್ಮೋಸ್'. ಅವರು ಮೂಲತಃ ಪೇಂಟರ್. ನೀರಿನೊಳಗೆ ಡೈವಿಂಗ್ ಮಾಡುವ ಅಭ್ಯಾಸವಿತ್ತು. ಕಡಲಲ್ಲಿ ಮುಳುಗಿದವರಿಗೆ ಗೊತ್ತು, ಉಸಿರು ಎಳೆದುಕೊಂಡರೆ ಮೈ ಮೇಲೇಳುತ್ತದೆ, ಬಿಟ್ಟರೆ ಕೆಳಗಿಳಿಯುತ್ತದೆ. ಅದನ್ನೇ ಅವರು ಕಲೆಗೆ ತಂದರು. ನೋಡುವವರ ಎದೆಗೆ ಒಂದು ಅಂಗಿಯಂಥದ್ದನ್ನು ಕಟ್ಟುತ್ತಿದ್ದರು. ಅದು ಉಸಿರನ್ನೂ ಮೈ ವಾಲುವುದನ್ನೂ ಅಳೆಯುತ್ತಿತ್ತು. ಕೈಗೆ ಗುಂಡಿ, ಕೋಲು ಏನೂ ಇಲ್ಲ. ಉಸಿರೆಳೆದರೆ ನೀವು ಮರದ ಎಲೆಗಳ ನಡುವೆ ಮೇಲಕ್ಕೆ ಹೋಗುತ್ತೀರಿ. ಬಿಟ್ಟರೆ ಮಣ್ಣಿನೊಳಗೆ, ಬೇರಿನ ಕಡೆ ಇಳಿಯುತ್ತೀರಿ. ಮುಂದೆ ವಾಲಿದರೆ ಮುಂದೆ ಸಾಗುತ್ತೀರಿ. ಮರ, ಎಲೆ, ಕೊಳ ಎಲ್ಲವೂ ಅರೆಪಾರದರ್ಶಕ, ಒಂದರೊಳಗೊಂದು ಕರಗುವಂಥವು. ಆ ಕಾಲದ ಬೇರೆ ಎಷ್ಟೋ ವಿಆರ್‌ಗಳಲ್ಲಿ ಗಟ್ಟಿ ಗೋಡೆ, ಚೌಕ ಕೋಣೆ, ಬಂದೂಕು. ಇಲ್ಲಿ ಆತುರ ಮಾಡಿದರೆ ಕೆಲಸವೇ ಆಗುವುದಿಲ್ಲ. ಉಸಿರು ನಿಧಾನ ಆಗಲೇಬೇಕು. ಹೊರಗೆ ಬಂದವರಲ್ಲಿ ಕೆಲವರು ಅತ್ತದ್ದೂ ಉಂಟಂತೆ. ನಾನು ನಂಬುತ್ತೇನೆ.

ಅದರಲ್ಲಿ ಇನ್ನೊಂದು ಸಂಗತಿ ಇದೆ. ಒಳಗೆ ಹೋಗುತ್ತಿದ್ದುದು ಒಂದು ಸಲಕ್ಕೆ ಒಬ್ಬರೇ. ಉಳಿದವರು ಹೊರಗೆ ಕತ್ತಲಲ್ಲಿ ಕೂತಿರುತ್ತಿದ್ದರು. ಅವರಿಗೆ ಒಂದು ಕಡೆ ಒಳಗಿನವರ ಕಣ್ಣಿಗೆ ಕಾಣುತ್ತಿರುವುದು ತೆರೆಯ ಮೇಲೆ ಕಾಣುತ್ತಿತ್ತು. ಇನ್ನೊಂದು ಕಡೆ, ಬೆಳಕು ಹಾಯುವ ಪರದೆಯ ಮೇಲೆ, ಒಳಗಿರುವ ವ್ಯಕ್ತಿಯ ನೆರಳು. ಉಸಿರೆಳೆಯುತ್ತಾ, ವಾಲುತ್ತಾ ಇರುವ ಒಂದು ಮನುಷ್ಯ ನೆರಳು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ತೊಗಲು ಗೊಂಬೆಯಾಟ. ಬಿಳಿ ಪರದೆ, ಹಿಂದೆ ದೀಪ, ನಡುವೆ ಆಡುವ ನೆರಳು, ಈಚೆ ಚಾಪೆ ಹಾಸಿ ಕೂತ ಜನ. ಒಬ್ಬಳೇ ನೋಡಬೇಕಾದ ಕಲೆಯಿಂದ ಉಳಿದವರನ್ನು ಹೊರಗಿಡಬಾರದು ಅಂತ 1995ರಲ್ಲೇ ಡೇವಿಸ್ ಯೋಚಿಸಿದ್ದರು. ಈಗಿನ ಎಷ್ಟೋ ಪ್ರದರ್ಶನಗಳಲ್ಲಿ ಆ ಯೋಚನೆಯೇ ಇಲ್ಲ.

ಪಾದದ್ದು ಮೆಕ್ಸಿಕೊದ ಚಿತ್ರ ನಿರ್ದೇಶಕ ಅಲೆಹಾಂದ್ರೊ ಇನ್ಯಾರಿಟು ಅವರ 'ಕಾರ್ನೆ ಇ ಅರೆನಾ'. ಹೆಸರಿನ ಅರ್ಥ ಮಾಂಸ ಮತ್ತು ಮರಳು. 2017ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಮೊದಲು ತೋರಿಸಿದರು, ಅದೇ ವರ್ಷ ಅದಕ್ಕೆ ವಿಶೇಷ ಆಸ್ಕರ್ ಕೂಡ ಬಂತು. ಗಡಿ ದಾಟಿ ಅಮೆರಿಕಕ್ಕೆ ಹೋಗಲು ಮರುಭೂಮಿಯಲ್ಲಿ ನಡೆಯುವವರ ಕಥೆ. ಹೋದವರು ಮೊದಲು ಒಂದು ತಣ್ಣನೆಯ ಕೋಣೆಯಲ್ಲಿ ಶೂ, ಕಾಲುಚೀಲ ಬಿಚ್ಚಿ ಕೂರಬೇಕು. ಸಿಕ್ಕಿಬಿದ್ದವರನ್ನು ಕೂಡಿಹಾಕುವ ಕೋಣೆಯ ಥರದ್ದು ಅದು. ಆಮೇಲೆ ಬರಿಗಾಲಲ್ಲಿ ಮರಳಿನ ಮೇಲೆ, ಒಬ್ಬರೇ. ಆರೂವರೆ ನಿಮಿಷ. ಕಣ್ಣಿಗೆ ಕಾಣುವ ಮರುಭೂಮಿ ಯಂತ್ರದ್ದು, ಕಾಲಿಗೆ ತಾಗುವ ಮರಳು ನಿಜದ್ದು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವುದು ನಮಗೆ ಹೊಸತಲ್ಲ. ಬರಿಗಾಲಾದ ಕೂಡಲೇ ನಡಿಗೆ ಬದಲಾಗುತ್ತದೆ. ಮನಸ್ಸೂ ಸ್ವಲ್ಪ ತಗ್ಗುತ್ತದೆ.

ಇನ್ನು ಕತ್ತು. ಅದಕ್ಕೆ ನಾನು ದೂರ ಹೋಗಬೇಕಿಲ್ಲ.

ಹಂಪಿಯ ವಿರೂಪಾಕ್ಷ ದೇವಸ್ಥಾನದ ರಂಗಮಂಟಪದ ಚಾವಣಿ ನೋಡಿದ್ದೀರಲ್ವಾ? ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ, ಬಿಲ್ಲು ಎತ್ತಿ ಮೀನಿಗೆ ಗುರಿಯಿಟ್ಟ ಅರ್ಜುನ, ಗಿರಿಜಾ ಕಲ್ಯಾಣ. ಎಲ್ಲವೂ ತಲೆಯ ಮೇಲೆ. ಸರಿಯಾಗಿ ನೋಡಬೇಕಂದರೆ ಕತ್ತು ಹಿಂದಕ್ಕೆ ಬಾಗಲೇಬೇಕು. ಕಾಲು ಒಂದೇ ಕಡೆ ನಿಲ್ಲದೆ ತಾನಾಗಿ ಸುತ್ತುತ್ತದೆ. ಸುತ್ತುತ್ತಾ ಪಕ್ಕದವರಿಗೆ ಡಿಕ್ಕಿ ಹೊಡೆಯುತ್ತೀರಿ, "ಅಯ್ಯೋ, ಗೊತ್ತಾಗ್ಲಿಲ್ಲ" ಅನ್ನುತ್ತೀರಿ. ಆ ಚಿತ್ರಕ್ಕೆ ಚೌಕಟ್ಟು ಅನ್ನುವುದು ಕಂಬಗಳು ಮತ್ತು ನಿಮ್ಮ ಕತ್ತು ಎಷ್ಟು ಬಗ್ಗುತ್ತದೆ ಅನ್ನುವುದು, ಅಷ್ಟೇ. ನನ್ನ ಪಾಲಿಗೆ ಸುತ್ತುವರಿಯುವ ಚಿತ್ರ ಅಂದರೆ ಮೊದಲು ಇದೇ.

ಅದೇ ಹಂಪಿಯ ಮೇಲೆ ಒಂದು ದೊಡ್ಡ ವಿಆರ್ ಕಲಾಕೃತಿ ಇರುವುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಹೆಸರು 'ಪ್ಲೇಸ್-ಹಂಪಿ'. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ಅನ್ನುವ ಕಲಾವಿದರು ಮಾಡಿದ್ದು, 2006ರಲ್ಲಿ ಫ್ರಾನ್ಸಿನ ಲೀಲ್‌ನಲ್ಲಿ ಮೊದಲು ತೋರಿಸಿದರು. ವಿಜಯನಗರದ ಕಲ್ಲುಗಳನ್ನು 1980ರ ದಶಕದಿಂದ ಫೋಟೊ ತೆಗೆಯುತ್ತಿದ್ದ ಜಾನ್ ಗಾಲಿಂಗ್ಸ್ ಅದರಲ್ಲಿ ಜೊತೆಗಾರರು. ಸಂಗೀತದಲ್ಲಿ ಪಿಟೀಲು ವಾದಕ ಎಲ್. ಸುಬ್ರಹ್ಮಣ್ಯಂ ಇದ್ದಾರೆ. ಈಗ ಅದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಕಲಾಧಾಮ ಅನ್ನುವ ಕಲಾಕೇಂದ್ರದಲ್ಲಿದೆ. ಹೆಡ್‌ಸೆಟ್ ಇಲ್ಲ. ಬಾವಿಯ ಹಾಗೆ ಗುಂಡಗೆ ಸುತ್ತುವರಿದ ಪರದೆ. ನಡುವೆ ಒಂದು ಕಟ್ಟೆ. ಕಟ್ಟೆ ತಿರುಗುತ್ತದೆ, ಅದರ ಜೊತೆಗೆ ಚಿತ್ರವೂ ಪರದೆಯ ಮೇಲೆ ಸುತ್ತುತ್ತದೆ. ಮೂರು ಆಯಾಮದ ಕನ್ನಡಕ ಹಾಕಿಕೊಂಡು ನಿಂತರೆ ಹಂಪಿಯ ಬಂಡೆಗಳು ನಿಮ್ಮ ಸುತ್ತ ಏಳುತ್ತವೆ. ಆ ಬಂಡೆಗಳ ನಡುವೆ ಪುರಾಣದ ದೇವತೆಗಳು ನಡೆದಾಡುತ್ತಾರೆ. ಒಬ್ಬರು ಕಟ್ಟೆ ತಿರುಗಿಸಿದರೆ ಉಳಿದವರೂ ಅವರ ಜೊತೆ ತಿರುಗುತ್ತಾರೆ.

ನಿಜವಾದ ಹಂಪಿ ಅಲ್ಲಿಂದ ಗಂಟೆ ದಾರಿ. ಅಷ್ಟು ಹತ್ತಿರದಲ್ಲಿ ಹಂಪಿಯ ಚಿತ್ರ ಯಾಕೆ ಅಂತ ಕೇಳಬಹುದು. ಹಂಪಿಯ ಜನಕ್ಕೆ ಆ ಬೆಟ್ಟ ಬರೀ ಕಲ್ಲಾಗಿ ಎಂದೂ ಕಂಡದ್ದಿಲ್ಲ. ಅಲ್ಲಿ ಸುಗ್ರೀವ ಅಡಗಿದ್ದ, ಇಲ್ಲಿ ಪಂಪಾದೇವಿ ತಪಸ್ಸು ಮಾಡಿದಳು ಅಂತ ತೋರಿಸುತ್ತಲೇ ನಡೆಯುತ್ತಾರೆ. ಕ್ಯಾಮೆರಾಕ್ಕೆ ಅದು ಸಿಗಲ್ಲ. ಈ ಕೆಲಸ ಅದನ್ನು ಸೇರಿಸಲು ನೋಡಿದೆ. ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ಒಟ್ಟಿಗೆ ನಿಲ್ಲುವುದು. "ಅಲ್ನೋಡು, ಅಲ್ನೋಡು" ಅಂತ ಪಕ್ಕದವರ ತೋಳು ಹಿಡಿದು ಎಳೆಯಬಹುದು.

ಹೆಡ್‌ಸೆಟ್‌ನಲ್ಲಿ ಆ ಎಳೆಯುವ ತೋಳೇ ಇಲ್ಲ. ವಿಆರ್ ಕಲೆಯ ಬಗ್ಗೆ ನನ್ನ ದೊಡ್ಡ ಸಂಕಟ ಇದೇ. ಒಂದು ಸಲ ಬೆಂಗಳೂರಿನ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ಒಂದೇ ಹೆಡ್‌ಸೆಟ್, ಮುಕ್ಕಾಲು ಗಂಟೆ ಸಾಲು. ನನ್ನ ಮುಂದೆ ಒಬ್ಬರು ಅಜ್ಜಿ ಇದ್ದರು, ಮೊಮ್ಮಗನ ಕೈ ಹಿಡಿದು. ಅವರ ಸರದಿ ಬಂದಾಗ ಕನ್ನಡಕದ ಮೇಲೆ ಅದು ಕೂರಲೇ ಇಲ್ಲ. ಕನ್ನಡಕ ತೆಗೆದರೆ ಎಲ್ಲ ಮಂಜು. ಎರಡು ನಿಮಿಷ ಒದ್ದಾಡಿ, "ಬಿಡಪ್ಪ, ನೀನೇ ನೋಡು, ಆಮೇಲೆ ಹೇಳು" ಅಂತ ಪಕ್ಕಕ್ಕೆ ಸರಿದರು. ಹುಡುಗ ಒಳಗೆ ಕುಣಿಯುತ್ತಿದ್ದ, ಅಜ್ಜಿ ಅವನ ಮುಖವನ್ನೇ ನೋಡುತ್ತಿದ್ದರು. ಆ ಕೋಣೆಯಲ್ಲಿ ಅವರಿಗೆ ನೋಡಲು ಒಂದು ಪುಟ್ಟ ಪರದೆಯನ್ನೂ ಇಟ್ಟಿರಲಿಲ್ಲ. ನನಗೆ ತುಂಬ ಬೇಜಾರಾಯಿತು. ಒಳಗಿನ ಚಿತ್ರ ಏನಿತ್ತು ಅನ್ನುವುದೇ ಈಗ ಮರೆತಿದೆ.

ಲೆಕ್ಕ ಹಾಕಿ ನೋಡಿ. ಒಬ್ಬರಿಗೆ ಐದು ನಿಮಿಷ ಅಂದರೆ ಗಂಟೆಗೆ 12 ಜನ, ಹತ್ತು ಗಂಟೆ ತೆರೆದಿಟ್ಟರೆ 120. ಕುಮಾರಕೃಪಾ ರಸ್ತೆಯಲ್ಲಿ ಜನವರಿಯಲ್ಲಿ ನಡೆಯುವ ಚಿತ್ರಸಂತೆಗೆ ಒಂದೇ ದಿನದಲ್ಲಿ ಲಕ್ಷಗಟ್ಟಲೆ ಜನ ಬರುತ್ತಾರೆ. 2003ರಲ್ಲಿ ಶುರುವಾದ ಸಂತೆ ಅದು. ಕಡಲೆಕಾಯಿ ತಿನ್ನುತ್ತಾ, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ಬರೆದವರನ್ನೇ ಮಾತಾಡಿಸುತ್ತಾ ನಡೆಯುತ್ತಾರೆ. ವಿಆರ್ ಕಲಾವಿದೆ ಅಲ್ಲಿ ಏನು ಹರವಿಕೊಂಡು ಕೂರಬೇಕು? ಇದಕ್ಕೆ ಉತ್ತರ ಹುಡುಕುವವರೆಗೆ ಈ ಕಲೆ ಕೆಲವೇ ಜನರ ಕೋಣೆಯಲ್ಲಿ ಉಳಿಯುತ್ತದೆ ಅನ್ನುವುದು ನನ್ನ ಅನಿಸಿಕೆ. ಡೇವಿಸ್ ಅವರ ನೆರಳಿನ ಪರದೆ, ತೋರಣಗಲ್ಲಿನ ಗುಂಡು ಪರದೆ, ಎರಡೂ ಆ ಹುಡುಕಾಟದ ದಾರಿಯಲ್ಲೇ ಇವೆ.

ಉಳಿಯುವಿಕೆಯ ಮಾತೂ ಇದೆ. 'ಡಿಯರ್ ಆಂಜೆಲಿಕಾ' ಮಾಡಿದ ಸ್ಟುಡಿಯೊವನ್ನು ಅದೇ 2017ರ ಮೇ ತಿಂಗಳಲ್ಲಿ ಮುಚ್ಚಿದರು. ಕ್ವಿಲ್ ಉಳಿಯಿತು, 2021ರಲ್ಲಿ ಕಟ್ಟಿದವರ ಕೈಗೇ ಮರಳಿತು. 'ಆಸ್ಮೋಸ್' ಓಡುತ್ತಿದ್ದುದು ಆ ಕಾಲದ ದೈತ್ಯ ಸಿಲಿಕಾನ್ ಗ್ರಾಫಿಕ್ಸ್ ಕಂಪ್ಯೂಟರಿನ ಮೇಲೆ. ಅಂಥ ಯಂತ್ರ ಈಗ ಯಾರೂ ಮಾಡುವುದಿಲ್ಲ. ವಿರೂಪಾಕ್ಷನ ಗುಡಿಯ ಚಿತ್ರಗಳಿಗೆ ಸುಣ್ಣ, ಬಣ್ಣ, ಒಂದು ಚಾವಣಿ ಸಾಕಾಗಿತ್ತು. ಈ ಹೊಸ ಚಿತ್ರಗಳಿಗೆ ವಿದ್ಯುತ್ತು, ಅಪ್‌ಡೇಟ್, ಕಂಪನಿ ಎಲ್ಲ ಬೇಕು.

ಅಮ್ಮನಿಗೆ ಈ ಚಿಂತೆ ಇಲ್ಲ. ಅವಳದ್ದು ದಿನಾ ಬೆಳಗ್ಗೆ ಗುಡಿಸಿ, ನೀರು ಹಾಕಿ, ಹೊಸದಾಗಿ ಬಿಡುವ ಕಲೆ. ಮೂರು ವಾರ ಬಿಟ್ಟು, ನಾನು ಕೇಳದೇ ಅವಳೇ ಹೆಡ್‌ಸೆಟ್ ಎತ್ತಿಕೊಂಡಳು. ಈ ಸಲ ನಿಂತು ಬರೆಯಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಹೊಸ್ತಿಲ ಮುಂದೆ ಬಗ್ಗುವ ಹಾಗೆ ಹಾಲ್‌ನ ನೆಲಕ್ಕೆ ಬಗ್ಗಿದಳು. ಕಂಟ್ರೋಲರ್‌ನ ಅಂಚು ಟೈಲ್ಸಿಗೆ ಟಕ್ ಅಂತ ತಾಗಿತು. ಒಂದು ಚುಕ್ಕಿ. ಮತ್ತೆ ಟಕ್. ಇನ್ನೊಂದು. ನಾನು ಅಡುಗೆಮನೆಯಿಂದ ಆ ಸದ್ದು ಕೇಳುತ್ತಿದ್ದೆ. ಒಂದೊಂದು ಟಕ್‌ಗೂ ನಡುವೆ ಒಂದೇ ಅಂತರ.

ಕಾಫಿ ಲೋಟ ಹಿಡಿದು ಹಾಲ್‌ಗೆ ಬಂದೆ. ಫೋನ್ ಚಾರ್ಜಿಗೆ ಹಾಕಿದ್ದೆ, ನನಗೆ ಏನೂ ಕಾಣುತ್ತಿರಲಿಲ್ಲ. ಬರೀ ನೆಲ, ನಡುವೆ ಅಮ್ಮ. ಎಳೆ ಮುಗಿಸಿ ಎದ್ದಿದ್ದಳು. ಗೋಡೆಯ ಪಕ್ಕದಿಂದ, ಸೀರೆ ಚೂರು ಎತ್ತಿ ಹಿಡಿದು, ಖಾಲಿ ನೆಲವನ್ನು ಬಳಸಿಕೊಂಡು ಈ ಕಡೆ ಬರುತ್ತಿದ್ದಳು. ನನ್ನ ಹೆಜ್ಜೆ ಸಪ್ಪಳ ಕೇಳಿಸಿತೇನೋ, ತಟ್ಟನೆ ನಿಂತಳು.

"ಎಳೆ ಮೇಲೆ ನಿಂತಿದ್ದೀಯ ಕಣೇ, ಸ್ವಲ್ಪ ಆ ಕಡೆ ಸರಿ," ಅಂದಳು.

ಸರಿದು ನಿಂತೆ.